ಸಹಿ ಇಲ್ಲದ ಶನಿವಾರ

ಡ್ಯೂಟಿ ಬಿತ್ತು ಬೆಳಗಾವಿ ಕ್ಯಾಂಪಿನ್ಯಾಗ, ಹಂಚಿನ ಮನಿ ಒಂದರ ಮುಂದ.
ಗುಡಿ ಅಲ್ಲ, ಮಸೂತಿ ಅಲ್ಲ, ಇಗರ್ಜಿ ಅಲ್ಲ.
'ಯಹೂದ್ಯರ ಪ್ರಾರ್ಥನಾ ಮನಿ, ಕಾಶವ್ವ. ಆರು ತಿಂಗಳು'
ಅಂದ್ರು ಸಾಹೇಬ್ರು. ರಜಿಸ್ಟರ್ ಕೊಟ್ರು, ಪೆನ್ನು ಕೊಡಲಿಲ್ಲ.

ದೂರದ ದೇಶದಾಗ ಯಾವನೋ ಒಬ್ಬಾಂವ
ಪ್ರಾರ್ಥನಿ ಮಾಡೋರ ಬೆನ್ನಿಗೆ ಗುಂಡು ಹೊಡದಿದ್ದ.
ಅದಾದ ಒಂಬತ್ತನೇ ರಾತ್ರಿ ಇಲ್ಲಿ
ಗಾಜು ಒಡದು ಒಳಗ ಬಿದ್ದಿತ್ತು ಒಂದು ಕಲ್ಲು,
ಸುತ್ತಿದ ಚೀಟಿಯೊಳಗ ಎರಡು ಶಬ್ದ.
ಅವನ್ನ ನಾ ಹೇಳಂಗಿಲ್ಲ.
ಪಂಚನಾಮೆದಾಗ ಒಮ್ಮೆ ಬರದದ್ದಽ ಸಾಕು.
ಕಲ್ಲು ಮಾತ್ರ ಈ ಊರಿಂದಽ, ಕೆಂಪನ್ನ ಜಂಬಿಟ್ಟಿಗಿ ಚೂರು.
ದೂರದ ಸಿಟ್ಟಿಗೆ ಇಲ್ಲಿ ಕಲ್ಲು ಸಿಕ್ಕಿತ್ತು.

ಶುಕ್ರವಾರ ಮಧ್ಯಾಹ್ನ ಮಷೀನ್ ಹಿಡದು ಬಾಗಲಾ ತಪಾಸ ಮಾಡಿದೆ.
ಬಲಗಡೆ ಚೌಕಟ್ಟಿನ ಹತ್ರ ಕೀಂ ಅಂತು.
ನೋಡಿದ್ರ, ಓರೆಯಾಗಿ ಮೊಳಿ ಬಡದ ತಗಡಿನ ನಳಿಗಿ, ಬೆರಳುದ್ದ.
'ಇದರಾಗ ಏನೈತ್ರಿ?'
'ಮಾತು' ಅಂದ್ಲು ಸೆಗುಲಾಬಾಯಿ ರೋಹೇಕರ್.
'ಕೇಳು, ಅಂತ ಸುರು ಆಗತೈತಿ. ಉಳದದ್ದು ಆಮ್ಯಾಲ.'
ಎಂಬತ್ತೊಂದರ ಮುದುಕಿ, ಮರಾಠಿ ಕಲಸಿದ ಕನ್ನಡ.
ಅವರಜ್ಜ ಇಲ್ಲೇ ಪಲ್ಟಣಿಯೊಳಗ ಸುಭೇದಾರ ಇದ್ದನಂತ.
'ಅಂವ ಕಾದ ಊರಿದು. ಈಗ ನನ್ನ ಕಾಯಾಕ ನೀ ಬಂದಿ'
ಅಂತ ಕೈಯಾನ ಮಷೀನ್ ಕಸಗೊಂಡು
ನನ್ನ ಎದಿಗೇ ಹಿಡದ್ಲು.
ಕೀಂ.
'ಇದರಾಗ ಏನೈತವಾ?'
ಖಾಕಿ ಗುಂಡಿ ಬಿಚ್ಚಿ, ಶಿವದಾರ ಎಳದು,
ಬೆಳ್ಳಿ ಕರಡಿಗಿ ತೋರಿಸಿದೆ.
ಇಬ್ರೂ ಏನೂ ಅನಲಿಲ್ಲ.
ಮಷೀನ್ ಒಂದಽ ಕೀಂ ಕೀಂ ಅಂತಿತ್ತು,
ಬಂದ್ ಮಾಡೋ ಗುಂಡಿ ಎಲ್ಲೈತಿ ಅಂತ ಇಬ್ರಿಗೂ ತಿಳೀಲಿಲ್ಲ.

ಶನಿವಾರ ಅವರು ಬರಿಯಂಗಿಲ್ಲ.
ಒಲಿ ಹಚ್ಚಂಗಿಲ್ಲ, ರೊಕ್ಕ ಮುಟ್ಟಂಗಿಲ್ಲ, ಗಾಡಿ ಹತ್ತಂಗಿಲ್ಲ.
ರಜಿಸ್ಟರಿನ್ಯಾಗ ಸಹಿ ಕಾಲಮ್ ಐತಿ,
ಖಾಲಿ ಬಿಡಬ್ಯಾಡ ಅಂತ ಹುಕುಂ ಐತಿ.
ಹಂಗಾಗಿ ನಾನಽ ಬರದೆ, ಒಬ್ಬೊಬ್ಬರನ್ನ ಕೇಳಿ:
ಹನಾನಿಯಾ ತಳಕರ್, ಗಡಿಯಾರ ರಿಪೇರಿ.
ಅವನ ತಮ್ಮ ಎಜ್ರಾ, ಕಿವಿ ಮಂದ, ಎರಡು ಸಲ ಕೇಳಬೇಕು.
ದೀನಾ, ನರ್ಸ್, ರಾತ್ರಿ ಪಾಳಿ ಮುಗಿಸಿ ಸೀದಾ ಇಲ್ಲಿಗೆ.
ನನಗ ಥರ್ಮಾಸಿನ್ಯಾಗ ಚಾ; ನಿನ್ನೆ ಹೊತ್ತು ಮುಳುಗೂಕಿಂತ ಮೊದಲು ಕಾಸಿದ್ದು,
ಇನ್ನೂ ನಾಲಿಗಿ ಸುಡತಿತ್ತು.

ಹತ್ತು ಗಂಡಸರು ಕೂಡಿದ್ರಽ ಕೆಲವು ಪ್ರಾರ್ಥನಿ ಹೇಳಬಹುದಂತ.
ಇದ್ದದ್ದು ಏಳು. ಕಲ್ಲು ಬಿದ್ದ ವಾರ ಐದಂತ.
ನಾ ಬಂದ ಮೂರನೇ ವಾರ ಎಂಟು,
ಕೊಲ್ಹಾಪುರದಾಂವ ಒಬ್ಬ ಶುಕ್ರವಾರಽ ಬಂದು ವಸ್ತಿ ಮಾಡಿದ್ದ.
ಆ ಎಣಿಕಿಯೊಳಗ ನಾ ಇಲ್ಲ, ಗೊತ್ತೈತಿ.
ಆದ್ರೂ ಬೆರಳು ಮಡಚೂಮುಂದ ಎದಿ ಢವಢವ,
ನಮ್ಮ ಮನಿ ಮದವಿಗೆ ಬೀಗರು ಬರೋದು ತಡಾದಂಗ.

ದೀನಾ ಅಂದ್ಲು, ಬೋರ್ಡು ತಗಿಯೋಣು, ಕ್ಯಾಮೆರಾ ಹಚ್ಚೋಣು.
ಹನಾನಿಯಾ ಅಂದ, ಕ್ಯಾಮೆರಾ ಹಚ್ಚು, ಬೋರ್ಡು ಮುಟ್ಟಬ್ಯಾಡ.
ಹೆಸರು ಕಿತ್ತ ಮನಿಗೆ ಕಾವಲ ಯಾಕ?
ಎರಡು ವಾರ ಮಾತು ಬಿಟ್ರು. ಕುಂತದ್ದು ಮಾತ್ರ ಅದಽ ಜಾಗಾದಾಗ.
ಕ್ಯಾಮೆರಾ ಬಂತು. ಕಿಟಕಿಗೆ ಜಾಳಗಿ, ಕದಕ್ಕ ಎರಡು ಅಗಳಿ ಬಂದ್ವು.
ಹಿಂದಿನ ಗ್ವಾಡಿ ಒಡದು ಸಣ್ಣ ಬಾಗಲಾ ಇಟ್ರು,
ಹೊತ್ತು ಬಂದ್ರ ಓಡಿ ಹೋಗಾಕ.
ಬಣ್ಣ ಆರೂಕಿಂತ ಮೊದಲಽ ಮುದುಕಿ
ಆ ಚೌಕಟ್ಟಿಗೂ ಒಂದು ನಳಿಗಿ ಬಡಿಸಿದ್ಲು.
'ಓಡೂಮುಂದನೂ ಕೇಳಬೇಕಲ್ಲ' ಅಂದ್ಲು.

ಆರು ತಿಂಗಳು ಮುಗದು ನನ್ನ ಚುನಾವಣಿ ಬಂದೋಬಸ್ತಿಗೆ ಹಾಕಿದ್ರು.
ಮೊದಲ ಶನಿವಾರಽ ಹೊಸ ಹುಡುಗನ ಫೋನು:
'ಅಕ್ಕಾ, ಇವರು ಸಹಿ ಮಾಡವಲ್ರು.'
'ನೀನಽ ಬರಿ. ಎಷ್ಟು ಮಂದಿ ಅದಾರ?'
ಅಂವ ಎಣಸೂದು ಕೇಳಿಸ್ತು. ಏಳು, ಎಂಟು, ಒಂಬತ್ತು.
'ತಡಿ ಅಕ್ಕಾ, ಮೂಲ್ಯಾಗ ಒಬ್ಬಾಂವ ನಡಕೊಂತ ಬರಾಕತ್ತಾನ.
ಯಾರಂತ ಮೊದಲ ನೋಡತೇನಿ.'