ಕಣ್ಣಿನ ಅಳತೆ

ಬೈತಖೋಲದ ಏರಿನ ಮೇಲೆ ಮನೆ. ಮೂರು ಬಿಳಿ ಡಬ್ಬಿ:
ಒಂದು ಟಿವಿ ಪಕ್ಕ, ಒಂದು ಮೆಟ್ಟಿಲ ತಿರುವಿನಲ್ಲಿ,
ಇನ್ನೊಂದು ಹಿಂದೆ, ಮೀನಿನ ಫ್ರೀಜರಿನ ಕೋಣೆಗೆ.
ನಡುವೆ ಮೊಳ ದಪ್ಪದ ಚಿರೆಕಲ್ಲಿನ ಗೋಡೆ,
ಸಿಗ್ನಲ್ಲು ಅದರೊಳಗೆ ನೀರಿನಂತೆ ಇಂಗುತ್ತದೆ.

ಟಿವಿ ಸೇರಿತು. ಶೇವಂತಿಬಾಯಿಯ ಫೋನು ಸೇರಿತು.
ಸೇರದ್ದು ಪಡಸಾಲೆಯ ಬಲ್ಬು,
ಮತ್ತೆ ಫ್ರೀಜರಿನ ಪ್ಲಗ್ಗು. ಕರೆಂಟು ಹೋದರೆ
ಅವಳಿಗೆ ಬಂದರಿನಲ್ಲೇ ಗೊತ್ತಾಗಬೇಕಂತೆ,
ಹೋದ ಸಲ ಎರಡು ಬುಟ್ಟಿ ಇಸ್ವಣ ಹಾಳಾಗಿತ್ತು.

ಒತ್ತಿ ಹಿಡಿದೆ. ಬಲ್ಬು ಪಿಳಿಪಿಳಿ ಅಂದಿತು,
ಹುಡುಕಿತು, ಹುಡುಕಿತು, ಆರಿತು.
ಆರು ಸಲ.

ಜಗುಲಿಯಲ್ಲಿ ಬಲೆ ಹೊಲಿಯುತ್ತಿದ್ದ ಧಾಕು ತಾಂಡೇಲ
ತಲೆ ಎತ್ತದೆ ಕೇಳಿದ: "ಕಣ್ಣು ಎಷ್ಟು ದೊಡ್ಡದು?"
ಯಾವುದರ ಕಣ್ಣು, ಅಜ್ಜ?
"ನಿನ್ನ ಬಲೇದು. ಇಸ್ವಣದ ಬಲೆ ಬಿಟ್ಟು
ತಾರ್ಲೆ ಬರಲಿಲ್ಲ ಅಂತ ಕೂತರೆ ಹ್ಯಾಗೆ?"

ಹೌದಲ್ಲ. ಈ ಬಡ ಬಲ್ಬಿಗೆ ಗೊತ್ತಿರುವುದು
ಎರಡು ಪಾಯಿಂಟ್ ನಾಲ್ಕು ಮಾತ್ರ;
ನನ್ನ ಫೋನು ಐದರ ಮೇಲೆ ಓಡುತ್ತ
ಅದನ್ನು ಕೂಗುತ್ತಲೇ ಇತ್ತು.
ಐದನ್ನು ಹತ್ತು ನಿಮಿಷ ಮುಚ್ಚಿಟ್ಟೆ.
ಏಳನೆಯ ಸಲ ಬಲ್ಬು ಸುಮ್ಮನೆ ಹತ್ತಿಕೊಂಡಿತು,
ಹಿಂದೆಯೇ ಪ್ಲಗ್ಗು.
ಧಾಕು ನೂಲನ್ನು ಹಲ್ಲಲ್ಲಿ ಕಡಿದ.

ಶೇವಂತಿಬಾಯಿ ಮನೆಯಿಡೀ ಫೋನು ಹಿಡಿದು ತಿರುಗಿದಳು.
ಬಚ್ಚಲ ಹಿಂದೆ, ಸೌದೆ ಮೂಲೆಯಲ್ಲಿ, ಒಂದೂ ಗೆರೆ ಇಲ್ಲ.
ಇನ್ನೊಂದು ಡಬ್ಬಿ ತರಲೇ, ಕೇಳಿದೆ.
"ಬೇಡ ಮಾರಾಯ, ಅದು ಹಾಗೇ ಇರಲಿ.
ದಲಾಲಿ ವಾಟ್ಸಾಪಿನಲ್ಲಿ ರೇಟು ಕೇಳುವಾಗ
ನಿಲ್ಲಲಿಕ್ಕೆ ನನಗೊಂದು ಜಾಗ ಬೇಕಲ್ಲ."