ಇರಲಿ

ಗದಗಿನ ಮುದ್ರಣಾಲಯದಲ್ಲಿ ಹದಿನಾಲ್ಕು ವರ್ಷದಿಂದ
ಪ್ರೂಫ್ ತಿದ್ದುತ್ತೇನೆ. ಕೆಂಪು ಪೆನ್ನು, ಕಿಟಕಿ ಪಕ್ಕದ ಸ್ಟೂಲು.
ಲಗ್ನಪತ್ರ, ಬಿಲ್ ಪುಸ್ತಕ, ಸಹಕಾರಿ ಸಂಘದ ವರದಿ.
ತೊಟ್ಟಿಲ ಕಾರ್ಯಕ್ರಮದ ಕಾರ್ಡು ಬಂದರೆ ಮಾಲಕರು
ಸುಮ್ಮನೆ ಬೇರೆಯವರ ಟೇಬಲ್ಲಿಗೆ ಸರಿಸುತ್ತಾರೆ.
ಮೂರನೆಯದಾದ ಮೇಲೆ ಶುರುವಾದ ದಯೆ ಅದು.

ಒಂಬತ್ತು ವಾರ. ಹನ್ನೊಂದು. ಮತ್ತೆ ಒಂಬತ್ತು.

ಹುಬ್ಬಳ್ಳಿಯ ಡಾಕ್ಟರು ಹೇಳಿದರು: ಇಬ್ಬರದೂ ರಕ್ತ ಬೇಕು.
ಲಿಂಬಿಹಣ್ಣು ನಿವಾಳಿಸುತ್ತಿದ್ದ ಅವ್ವನ ಕೈ ನಿಂತಿತು:
"ನಿಂದ್ಯಾಕೋ ಯಪ್ಪಾ? ಹೊರಾಕಿ ಆಕಿ ಅಲ್ಲೇನು?"
ನನಗೂ ಉತ್ತರ ಗೊತ್ತಿರಲಿಲ್ಲ. ತೋಳು ಚಾಚಿದೆ.

ರಿಪೋರ್ಟು ತರುವ ದಿನ ಪ್ಯಾಸೆಂಜರ್ ಗಾಡಿ
ಅಣ್ಣಿಗೇರಿಯಲ್ಲಿ ಬಹಳ ಹೊತ್ತು ನಿಂತಿತ್ತು.
ಯಾರೋ ಸುಲಗಾಯಿ ಕೂಗುತ್ತಿದ್ದರು.
ಸಾವಂತ್ರಿ ಹಾಳೆಗಳನ್ನು ನನ್ನ ತೊಡೆಯ ಮೇಲಿಟ್ಟು
"ಓದೋದು ನಿನ್ನ ಕೆಲಸ" ಅಂದಳು.

ಅವಳ ರಕ್ತದಲ್ಲಿ ಕೂತಿದ್ದಾನೆ ನನ್ನಂಥವನೊಬ್ಬ.
ತಪ್ಪು ಹುಡುಕಲೆಂದೇ ಪಗಾರಕ್ಕಿಟ್ಟವನು,
ದಣಿದೋ, ಅತಿ ನಿಷ್ಠೆಯಿಂದಲೋ
ಸರಿಯಾದ ಪದವನ್ನೇ ಹೊಡೆದುಹಾಕುತ್ತಾನೆ,
ಸ್ವಂತ ಮನೆಯ ಹೆಸರನ್ನು ಅಚ್ಚಿನ ತಪ್ಪೆಂದು ಓದುತ್ತಾನೆ.
ಆಂಟಿಬಾಡಿ ಅನ್ನುತ್ತಾರೆ.
ಸ್ಪೆಲ್ಲಿಂಗು ಸರಿಯಿತ್ತು.

ಎರಡನೇ ಪುಟ ನನ್ನದು. ಅಲ್ಲೂ ಒಂದು ಸಾಲಿನೆದುರು
ಮಂದವಾಗಿ, ಪಾಸಿಟಿವ್.
ಇದರ ಅರ್ಥ ಕೇಳಿದ್ದಕ್ಕೆ ಡಾಕ್ಟರು ಕನ್ನಡಕ ತೆಗೆದು
"ಗಂಡಸರದು ಇನ್ನೂ ಖಚಿತ ಇಲ್ಲರಿ" ಎಂದಿದ್ದರು.
ನನಗೆ, ಬರೆಯಲು ನಾಚಿಕೆ, ಒಳಗೊಳಗೇ ಹಿಗ್ಗು:
ಇಷ್ಟು ವರ್ಷ ಅವಳೊಬ್ಬಳ ಹೆಸರಿನಲ್ಲಿದ್ದ ಖಾತೆಗೆ
ಕಡೆಗೂ ನನ್ನದೊಂದು ಸಹಿ.
ಅವಳು ನೋಡಿದಳು, ಹಿಡಿದಳು ಕಳ್ಳನನ್ನು:
"ಸೊಸೈಟಿ ಸಾಲದಾಗ ಅರ್ಧಾ ಪಾಲು ಬಂದಿದ್ರ ಹಿಂಗ ನಗತಿದ್ದೇನು?"
ಹುಲಕೋಟಿ ಬರುವ ತನಕ ನಕ್ಕಳು.
ಆಮೇಲೆ ಕಿಟಕಿಯ ಕಡೆ ತಿರುಗಿ ಕೂತಳು.

ಅವ್ವನಿಗೆ ನನ್ನ ಪುಟ ಕೊಟ್ಟೆ. ಓದು ಬಾರದ ಅವಳು
ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.
ಮರುದಿನ ಎರಡು ಲಿಂಬಿಹಣ್ಣು ತಂದಳು.

ಈಗ ಮತ್ತೆ ಆರನೇ ವಾರ. ರಾತ್ರಿ ಒಂಬತ್ತಕ್ಕೆ ಸೂಜಿ,
ಒಂದು ದಿನ ಹೊಕ್ಕುಳಿನ ಎಡಕ್ಕೆ, ಮರುದಿನ ಬಲಕ್ಕೆ.
"ಬಿಗಿ ಹಿಡಿ, ನಡಗಬ್ಯಾಡ."
ನೀಲಿ, ಹಸಿರು, ಹಳದಿಗೆ ತಿರುಗುವ ಕಲೆಗಳು.

ನಮ್ಮ ಕಸುಬಿನಲ್ಲಿ ಒಂದು ಗುರುತಿದೆ:
ತಪ್ಪಿ ಹೊಡೆದ ಪದದ ಕೆಳಗೆ
ಚುಕ್ಕಿಗಳ ಸಾಲು ಇಡಬೇಕು.
ಡಿಟಿಪಿ ಹುಡುಗನಿಗೆ ತಿಳಿಯುತ್ತದೆ,
ಹೊಡೆದದ್ದು ಲೆಕ್ಕಕ್ಕಿಲ್ಲ, ಇದು ಇರಲಿ.

ದಿನಕ್ಕೊಂದು ಚುಕ್ಕಿ ಇಡುತ್ತೇನೆ.
ಹತ್ತಿ ಒತ್ತಿ ಹಿಡಿದು ನೂರರ ತನಕ ಎಣಿಸುತ್ತಾಳೆ ಸಾವಂತ್ರಿ.
ನಡುವೆ ತಪ್ಪಿದರೂ
ನಾನು ತಿದ್ದುವುದಿಲ್ಲ.