ನಡುಗೆರೆ

ಎರಡು ಜೋಡಿ, ಒಲೆಯ ಬದಿಯ ಗೋಡೆಗೆ ಒರಗಿ.
ಒಂದು ಹಸಿರು, ನಡುವಿನ ಅಗಲ ನೂರಾ ಹದಿನೆಂಟು ಮಿಲಿಮೀಟರ್.
ಅಂಗೈ ಇಟ್ಟರೆ ಎರಡೂ ಕಡೆ ಅಂಚು ಉಳಿಯುತ್ತದೆ.
ಇನ್ನೊಂದು ಕಿತ್ತಳೆ, ನೂರಾ ಎಂಟು,
ಮೂತಿಯೂ ಬಾಲವೂ ಮೇಲಕ್ಕೆ ಬಾಗಿ
ಹೋಗುವ ದಿಕ್ಕು ಇನ್ನೂ ಗೊತ್ತಿಲ್ಲದ ದೋಣಿ.

ಫಿನ್‌ಲ್ಯಾಂಡಿನ ಇಬ್ಬರು ಬಿಟ್ಟುಹೋದದ್ದು.
ವಿಮಾನಕ್ಕೆ ತೂಕ ಹೆಚ್ಚಾಯಿತಂತೆ;
ಬೈಂಡಿಂಗ್ ಮಾತ್ರ ಬಿಚ್ಚಿಕೊಂಡು ಹೋದರು.
"ಒಂದು ನಿನಗೆ ಜಿಪಾರ್, ಇನ್ನೊಂದು ಸಂಘಕ್ಕೆ."

ಬಿಚ್ಚುವ ಮೊದಲು, ಅವರ ಬೂಟಿನೊಳಗೆ
ಮೂರು ಜೋಡಿ ಕಾಲುಚೀಲ ತುರುಕಿಕೊಂಡು
ಎರಡನ್ನೂ ಓಡಿಸಿ ನೋಡಿದ್ದೆ.
ಹಸಿರನ್ನು ಹೊತ್ತು ಹತ್ತಿದರೆ ಹೆಗಲು ಬೈಯುತ್ತದೆ.
ಗಾಳಿ ಬಡಿದು ಗಟ್ಟಿಯಾದ ಇಳಿಜಾರಿನಲ್ಲಿ
ಅದು ಬರೀ ಬಾಗಿಲಿನ ಹಲಗೆ.
ಆದರೆ ತೊಡೆಮಟ್ಟ ಹುಡಿಹಿಮ ಬಿದ್ದ ದಿನ
ಹಾಲಿನ ಮೇಲಣ ಕೆನೆ.
ಮುಳುಗುವುದನ್ನು ಅದಕ್ಕೆ ಯಾರೂ ಕಲಿಸಿಲ್ಲ.
ಕಿತ್ತಳೆ ಚುರುಕು. ಸ್ಪ್ರೂಸ್ ಮರಗಳ ಸಂದಿಯಲ್ಲಿ
ಹೇಳುವ ಮೊದಲೇ ತಿರುಗುತ್ತದೆ,
ಹೇಳದಿದ್ದರೂ ತಿರುಗುತ್ತದೆ,
ಅದೇ ತಕರಾರು.

ಮೂರು ದಿನ ಅಳೆದೂ ಸುರಿದೂ
ಕೊನೆಗೆ ಹಸಿರು ಎಂದೆ.
ಸಗಿನ್‌ಬೆಕ್ ತಲೆ ಎತ್ತಲಿಲ್ಲ.
"ಆರಿಸುವುದು ಸುಲಭ. ಇನ್ನು ಅದರ ಮೇಲೆ ನಿಲ್ಲುವುದೆಲ್ಲಿ?"

ಜಿರ್ಗಲಾನಿನ ಕಲ್ಲಿದ್ದಲ ಗಣಿಯಲ್ಲಿ
ಇಪ್ಪತ್ತೊಂದು ವರ್ಷ ಕೊರೆದ ಕೈ ಅದು.
ಗಣಿ ಮುಚ್ಚಿತು, ಕೈಗೆ ಮುಚ್ಚಲು ಬರಲಿಲ್ಲ.
ಡ್ರಿಲ್ಲಿನ ಸೂಜಿಗೆ ಒಂಬತ್ತು ಮಿಲಿಮೀಟರಿನಲ್ಲಿ
ಕೆಂಪು ಪಟ್ಟಿ ಸುತ್ತುತ್ತಾ ಹೇಳಿದ:
"ಇದು ದಾಟಿದರೆ ತಳ ಒಡೆದು ಬೆಳಕು ಕಾಣುತ್ತದೆ.
ಗಣಿಯಲ್ಲಾದರೆ ಬೆಳಕು ಕಂಡರೆ ಹಬ್ಬ.
ಇಲ್ಲಲ್ಲ."

ಹಲಗೆಯ ಮೇಲೆ ಕಂಪನಿಯ ಗೆರೆ, ಕೂದಲಷ್ಟು ಸಣ್ಣದು:
ಬೂಟಿನ ನಡು ಇಲ್ಲಿ ಬರಲಿ, ಎಂದು.
ಸುತ್ತ ಹಳೆಯ ತೂತುಗಳು, ಎಂಟು, ಮತ್ತೆ ಎಂಟು.
ಒಬ್ಬ ಗೆರೆಗಿಂತ ಎರಡು ಸೆಂಟಿಮೀಟರ್ ಹಿಂದೆ ನಿಂತಿದ್ದ,
ಆಳದಲ್ಲಿ ಮೂತಿ ಮೇಲೇಳಲಿ ಅಂತ.
ಅವನಿಂದ ಕೊಂಡವನು ಒಂದು ಮುಂದೆ,
ಗಾಳಿಯಲ್ಲಿ ಗಿರ್ರನೆ ಸುತ್ತುವ ಆಸೆಗೆ.
ಇಬ್ಬರ ಪಾದವೂ ನನ್ನದಕ್ಕಿಂತ ಬೆರಳುದ್ದ ದೊಡ್ಡದು.
ಅವರು ಕೊರೆಸಿ ಬಿಟ್ಟ ಜಾಗದಲ್ಲಿ
ನನಗೆ ಉಳಿದದ್ದು ಒಂದು ಬೆರಳಗಲ.
ಹಳೆಯದಕ್ಕೆ ತಾಗಿ ಹೊಸದು ಕೊರೆದರೆ
ಎರಡೂ ಸೇರಿ ಬಾಯಿಬಿಡುತ್ತವೆ,
ತಿರುವಿನ ನಡುವೆ, ಕಾಲು ಒಂದು ಕಡೆ, ಸ್ಕೀ ಒಂದು ಕಡೆ.

"ಹಿಂದಕ್ಕೇ ಹಾಕು" ಎಂದೆ.

"ಬೂಟು ಬಿಚ್ಚು. ಹಲಗೆ ಮೇಲೆ ನಿಲ್ಲು. ಕಣ್ಣು ಮುಚ್ಚು."

ನಿಂತೆ, ಉಣ್ಣೆಯ ಕಂಬಳಿಯ ಮೇಲೆ ಹಾಸಿದ ಹಸಿರಿನ ಮೇಲೆ.
ಹಿಮ್ಮಡಿ ತಣ್ಣಗಾಯಿತು.
ಕಳೆದ ವರ್ಷ ಪಶ್ಚಿಮದ ಕಣಿವೆಯಲ್ಲಿ ಇಳಿಜಾರು ಬಿರಿದು
ಧುಮ್ ಎಂದದ್ದು ಅಂಗಾಲಿಗೆ ಇನ್ನೂ ನೆನಪಿದೆ.
ಅವನು ಮಂಡಿಯೂರಿ ನನ್ನ ಪಾದ ನೋಡಿದ,
ಗೋಡೆಯ ಬಿರುಕು ನೋಡುವವನ ಹಾಗೆ.
"ಭಾರವೆಲ್ಲ ಹಿಂದೆ ಹಾಕಿಕೊಂಡಿದ್ದೀಯ.
ನಿನ್ನ ಹೆದರಿಕೆಗೆ ನಾನು ತೂತು ಕೊರೆಯುವುದಿಲ್ಲ.
ನಿನಗೆ ಕೊರೆಯುತ್ತೇನೆ. ನಿಂತಿರು."

ಒಲೆಯಲ್ಲಿ ಕೆಂಡ ಒಂದೆರಡು ಸಲ ಕುಸಿಯಿತು.
ಕೆಟಲ್ ಕುದಿದು ಸುಮ್ಮನಾಯಿತು.
ಯಾವಾಗ ಮುಂದೆ ಬಂದೆನೋ ಗೊತ್ತಿಲ್ಲ.
ಪೆನ್ಸಿಲ್ಲು ಗೀಚಿದ ಸದ್ದಿಗೆ ಕಣ್ಣು ಬಿಟ್ಟರೆ
ಗೆರೆಗಿಂತ ಎಂಟು ಮಿಲಿಮೀಟರ್ ಹಿಂದೆ.
ಅಷ್ಟೇ.

ಕೊರೆದ. ಮೊದಲು ಹಸಿರು ಸಿಪ್ಪೆ, ಆಮೇಲೆ ಬಿಳಿ,
ಆಮೇಲೆ ಸುರುಳಿ ಸುರುಳಿಯಾಗಿ ಮರ.
ಯಾವ ದೇಶದ ಮರವೋ,
ನಮ್ಮ ಹೊಳೆದಂಡೆಯ ಪಾಪ್ಲರಿನದೇ ವಾಸನೆ.
ಹಳೆಯ ತೂತಿಗೆ ಬೆಣೆ, ಹೊಸದಕ್ಕೆ ಅಂಟು,
ತಿರುಪು ಬಿಗಿಯುವಾಗ ಅವನ ನಾಲಿಗೆಯ ತುದಿ ಹೊರಗೆ.

"ತಪ್ಪೆನಿಸಿದರೆ?" ಕೇಳಿದೆ.
"ನಾಲ್ಕನೆಯ ಸಲಕ್ಕೆ ಇದರಲ್ಲಿ ಜಾಗ ಇಲ್ಲ" ಎಂದು
ಚಹಾ ಬಗ್ಗಿಸಿದ.

ಅಂಟು ಒಣಗುವುದು ಬೆಳಗಿಗೆ.
ಕಿತ್ತಳೆ ಜೋಡಿ ಗೋಡೆಯಿಂದ ನೋಡುತ್ತಿದೆ.
ಹೊರಗೆ ಹಿಮ,
ಅಳೆಯದೆ ಸುರಿಯುತ್ತಿದೆ.